ಲಾರಿಗೆ ಮನೆ ನೋಡಿದ್ದು

ಕುಳಗೇರಿ ಕ್ರಾಸಿಗೆ ಕಳಿಸಿದ್ದ ಮದುವೆಯ ಗಾದಿ ಎಂಟೇ ದಿನಕ್ಕೆ ವಾಪಸ್ ಬಂತು. ತಂದವರು ಒಳಗೆ ಕೂಡ ಬರಲಿಲ್ಲ. ಅಂಗಡಿ ಮುಂದೆ ರಸ್ತೆಯ ಮೇಲೆ ಹಾಸಿ, ಹೊಲಿಗೆ ಹರಿದು, ಒಳಗಿನ ಅರಳೆಯಿಂದ ಕಂದು ಕೂದಲು ಆರಿಸಿ ಆರಿಸಿ ನಮ್ಮ ಮನೆಯವರ ಅಂಗೈಯಲ್ಲಿಟ್ಟರು. ನಾಯಿಯ ಕೂದಲು. ಮದುಮಕ್ಕಳು ಮಲಗುವ ಗಾದಿಯಲ್ಲಿ ನಾಯಿಯ ಕೂದಲು ಸಿಕ್ಕರೆ ಯಾರು ಸುಮ್ಮನಿರುತ್ತಾರೆ? ಎದುರಿನ ಚಹಾದಂಗಡಿಯಲ್ಲಿ ಕುಳಿತವರೆಲ್ಲ ಎದ್ದು ನಿಂತು ನೋಡಿದರು.

ನಾವು ನದಾಫರು. ಮನೆಯಲ್ಲಿ ಆಡುವುದು ಕನ್ನಡ, ಮಾಡುವುದು ಗಾದಿ. ನಮ್ಮ ಮನೆಯವರು, ರಾಜಮಹ್ಮದ, ಇಳಕಲ್ಲಿನ ಈ ಅಂಗಡಿಯಲ್ಲಿ ಕುಳಿತು ಮೂವತ್ತೈದು ವರ್ಷವಾಯಿತು. ಅವರ ದಬ್ಬಣದ ಹೊಲಿಗೆಯನ್ನು ಯಾರೂ ಹೀಗೆ ಹರಿದು ಹಾಕಿರಲಿಲ್ಲ. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು, ಹಿತ್ತಲ ಮೂಲೆಯಲ್ಲಿ ಅರಳೆ ಕೋಣೆ. ಹಿಂಜಿದ ಅರಳೆಯ ರಾಶಿಗಿಂತ ಮೆತ್ತಗಿನ ಜಾಗ ನಾಯಿಗೆ ಎಲ್ಲಿ ಸಿಗಬೇಕು? ಆ ಕೋಣೆಯ ಬಾಗಿಲು ಯಾರು ತೆರೆದಿಟ್ಟರು ಎಂದು ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ನಡೆಯಿತು. ತೆರೆದಿಟ್ಟವಳು ನಾನು. ಹೇಳಲಿಲ್ಲ. ಈ ಮನೆಯಲ್ಲಿ ತಪ್ಪು ಒಪ್ಪಿಕೊಂಡವರನ್ನು ನಾನು ಇನ್ನೂ ಕಂಡಿಲ್ಲ.

ನಾಯಿಗಳನ್ನು ತಂದವಳು ನನ್ನ ಮಗಳು ಮುಬಶೀರಾ. ದನದ ದವಾಖಾನೆಯಲ್ಲಿ ಅವಳದು ಗುತ್ತಿಗೆ ಕೆಲಸ. ಹೆದ್ದಾರಿಯಲ್ಲಿ ಗಾಡಿ ಬಡಿದ ನಾಯಿಗಳನ್ನು ಯಾರೋ ಪುಣ್ಯಾತ್ಮರು ಅಲ್ಲಿ ತಂದು ಇಳಿಸಿ ಹೋಗುತ್ತಾರೆ. ಪುಣ್ಯ ಅವರಿಗೆ, ನಾಯಿ ನಮಗೆ. ಹಾಗೆ ಬಂದವು ಎರಡು. ಒಂದರ ಹೆಸರು ಮುದುಕ, ಕಣ್ಣೊಂದು ಬೆಳ್ಳಗಾದ ಮುದಿ ನಾಯಿ. ಇನ್ನೊಂದರ ಹೆಸರು ಲಾರಿ, ಲಾರಿಯ ಗಾಲಿಗೆ ಹಿಂಗಾಲು ಕೊಟ್ಟು ಮೂರೇ ಕಾಲಲ್ಲಿ ಕುಣಿಯುವ ಕಂದು ಹೆಣ್ಣು ನಾಯಿ. ಅವುಗಳಿಗೆ ರೊಟ್ಟಿ ಬಡಿಯುವವಳು ನಾನು, ಹಿತ್ತಲು ತೊಳೆಯುವವಳು ನಾನು. ಪ್ರೀತಿ ಮಾಡುವವಳು ಮಾತ್ರ ಅವಳು.

ಅತ್ತೆ ಜುಲೇಖಾಗೆ ಎಪ್ಪತ್ತಾರು. ಎದುರಿಗೆ 'ರಿ' ಹಚ್ಚಿ ಮಾತಾಡಿಸುತ್ತೇನೆ, ಹಿಂದೆ ಹಚ್ಚುವುದಿಲ್ಲ. ನಾಯಿ ಹತ್ತಿರ ಬಂದರೆ ಸೀರೆ ಎತ್ತಿ ಹಿಡಿಯುತ್ತಾಳೆ. ನಾಯಿ ಬಾಯಿ ಹಾಕಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಹಚ್ಚಿ. ಎಣಿಸುವವಳು ಆಕೆ, ತೊಳೆಯುವವಳು ನಾನು.

ಗಾದಿ ವಾಪಸ್ ಬಂದ ದಿನ ಮಧ್ಯಾಹ್ನ ಯಾರಿಗೂ ಊಟ ಇಳಿಯಲಿಲ್ಲ. ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಬಿಟ್ಟು ನಮ್ಮ ಮನೆಯವರು ಮಗಳಿಗೆ ಹೇಳಿದರು:

"ಮುಂದಿನ ಚಂದ್ರ ಕಾಣೂದ್ರೊಳಗ ಎರಡೂ ನಾಯಿ ಈ ಮನಿ ಬಿಟ್ಟಿರಬೇಕು. ಇಲ್ಲಾಂದ್ರ ನಾನ ಒಯ್ದು ಹೊಳಿ ಆಚಿ ಬಿಟ್ಟು ಬರ್ತೇನಿ."

"ಅಲ್ಲೆ ಬಿಟ್ರ ಸಾಯ್ತಾವಪ್ಪಾ."

"ಸಾಯಲಿ. ಅಂಗಡಿ ಹೆಸರು ಕೆಟ್ರ ನಾವ ಸಾಯ್ತೇವಿ."

ಮಗ ರಮಜಾನ ಒಗ್ಗರಣೆ ಹಾಕಿದ. ಹುನಗುಂದದವರು ಹೆಣ್ಣು ನೋಡಲು ಬರುವವರಿದ್ದಾರೆ, ಹಿತ್ತಲಲ್ಲಿ ನಾಯಿ ನೋಡಿದರೆ ಅಂಗಳದಿಂದಲೇ ತಿರುಗಿ ಹೋಗುತ್ತಾರೆ ಅಂದ. ಅವನು ಅಂದದ್ದು ಸುಳ್ಳಲ್ಲ. ಮುಬಶೀರಾಗೆ ಇಪ್ಪತ್ತೇಳು. ಹಿಂದೆ ಬಂದ ಮೂರು ಸಂಬಂಧಗಳೂ 'ಹುಡುಗಿ ನಾಯಿ ಮುಟ್ಟುತ್ತಾಳಂತೆ' ಎಂಬ ಒಂದೇ ಮಾತಿಗೆ ಮುರಿದು ಬಿದ್ದಿದ್ದವು. ಈ ನಾಲ್ಕನೆಯದು ಗ್ರಾನೈಟ್ ಕಾರ್ಖಾನೆ ಇಟ್ಟ ಅಲ್ಲಾಸಾಬರ ಮನೆ, ಹುಡುಗ ಅಕೀಲ, ಓದಿದವನು. ಇದೂ ತಪ್ಪಿದರೆ ನನ್ನ ಮಗಳು ಈ ಹಿತ್ತಲಲ್ಲೇ ಮುದುಕಿಯಾಗುತ್ತಾಳೆ ಎಂಬುದೇ ನನ್ನ ಚಿಂತೆ. ನನ್ನ ಮಗಳಿಗಿಂತ ನಾಯಿ ದೊಡ್ಡದಲ್ಲ. ಅಂದೂ ಅದನ್ನೇ ಅಂದೆ, ಇಂದೂ ಅದನ್ನೇ ಅನ್ನುತ್ತೇನೆ.

ಮುಬಶೀರಾ ಮೊಬೈಲಿನಲ್ಲಿ ನಾಯಿಗಳ ಫೋಟೋ ಹಾಕಿ ಮನೆ ಹುಡುಕಲು ಹತ್ತಿದಳು. ಅವಳ ಕರಾರು ಒಂದೆರಡಲ್ಲ. ದಿನವಿಡೀ ಕಟ್ಟಬಾರದು, ನೆರಳು ಇರಬೇಕು, ಕೊಡುವ ಮೊದಲು ಮನೆ ನೋಡಬೇಕು, ಕೊಟ್ಟು ಹದಿನೈದು ದಿನಕ್ಕೆ ಮತ್ತೆ ಹೋಗಿ ನೋಡಬೇಕು. ಹೆಣ್ಣು ಕೊಡುವಾಗಲೂ ಇಷ್ಟು ಕೇಳುವುದಿಲ್ಲ ಎಂದು ರಮಜಾನ ನಕ್ಕ. ಆಗ ಮೂಲೆಯಲ್ಲಿ ತಸಬಿಯ ಮಣಿ ಎಣಿಸುತ್ತಿದ್ದ ಅತ್ತೆ ಬಾಯಿ ಬಿಟ್ಟಳು.

"ಮನಿ ನೋಡಾಕ ನಾ ಬರ್ತೇನಿ. ನೀ ಹೋದ್ರ ನಾಯಿಗೂ ಮನಿ ಸಿಗೂದಿಲ್ಲ, ನನಗೂ ಹಿತ್ತಲಾ ಸಿಗೂದಿಲ್ಲ."

ಮನೆ ನೋಡುವುದರಲ್ಲಿ ಅತ್ತೆಯ ಹೆಸರು ದೊಡ್ಡದು. ನಮ್ಮ ಓಣಿಯ ಅರ್ಧ ಹೆಣ್ಣುಮಕ್ಕಳನ್ನು ಕೊಡುವ ಮುಂಚೆ ಆಕೆಯನ್ನೇ ಕರೆದೊಯ್ಯುತ್ತಿದ್ದರು. ಹೇಳದೆ ಕೇಳದೆ ನಡುಮಧ್ಯಾಹ್ನ ಹೋಗುವುದು, ಪಡಸಾಲೆಯಲ್ಲಿ ಕೂಡದೆ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ನಡೆಯುವುದು, ಆ ಮನೆಯ ಸೊಸೆಯ ಕೈಯಲ್ಲಿ ನೀರು ಕೇಳುವುದು. "ಮುಂಬಾಗಿಲ ಮಂದಿಗೆ ತೋರಸಾಕ ಇರ್ತೈತಿ, ಮನಿ ಇರೂದು ಹಿತ್ತಲದಾಗ" ಎನ್ನುತ್ತಿದ್ದಳು. ಮೂವತ್ತೆರಡು ವರ್ಷದ ಹಿಂದೆ ಕಲಾದಗಿಯಿಂದ ನನ್ನ ತವರಿನವರು ಈ ಮನೆ ನೋಡಲು ಬಂದಾಗ ಅಂಥವರು ಯಾರೂ ಜೊತೆಗಿರಲಿಲ್ಲ. ಅವರು ಅಂಗಡಿ ನೋಡಿದರು, ಮಾಳಿಗೆ ಮುಟ್ಟುವಂತೆ ಒಟ್ಟಿದ್ದ ಗಾದಿ ನೋಡಿದರು, ಉಂಡು ಹೋದರು. ಹಿತ್ತಲಲ್ಲಿ ನೀರಿನ ಕೊಡದ ಪಕ್ಕ ಅತ್ತೆ ಕಾವಲು ಕುಳಿತಿರುತ್ತಾಳೆ, ರೊಟ್ಟಿ ಬುಟ್ಟಿಯನ್ನು ನೆಲುವಿಗೆ ತೂಗಿಹಾಕಿ ಅದಕ್ಕೂ ಆಕೆಯೇ ಕಾವಲು ಎಂದು ನನಗೆ ತಿಳಿದದ್ದು ಸೊಸೆಯಾಗಿ ಬಂದ ಮೇಲೆ. ಮೊದಲ ಬೇಸಿಗೆಯಲ್ಲಿ ಒಂದು ತಂಬಿಗೆ ನೀರು ಕುಡಿಯಬೇಕಾದರೂ ಹಿಂದೆ ತಿರುಗಿ ನೋಡಿ ಕುಡಿಯುತ್ತಿದ್ದೆ. ಅದನ್ನು ನಾನು ಮರೆತಿಲ್ಲ.

ಅಜ್ಜಿ ಮೊಮ್ಮಗಳು ಮೊದಲು ಹೋದದ್ದು ಬಾಗಲಕೋಟೆಯ ನವನಗರಕ್ಕೆ. ದೊಡ್ಡ ಬಂಗಲೆ, ಹಿತ್ತಾಳೆಯ ಹಿಡಿಕೆಯ ಗೇಟು, ನಾಯಿಗೆ ಬೇರೆ ಕೋಣೆ ಕಟ್ಟಿಸುತ್ತೇವೆ ಎಂಬ ಮಾತು. ಮುಬಶೀರಾ ಆಗಲೇ ಒಪ್ಪಿದ್ದಳಂತೆ. ಅತ್ತೆ ಹಿತ್ತಲಿಗೆ ಹೋಗಿ ಪೇರಲ ಗಿಡ ನೋಡಿದಳು. ಬೊಡ್ಡೆಯ ಸುತ್ತ ಸರಪಳಿ ತಿಕ್ಕಿ ತಿಕ್ಕಿ ತೊಗಟೆ ಸವೆದು ಕುಣಿ ಬಿದ್ದಿತ್ತು. ಮೊದಲಿನ ನಾಯಿ ಏನಾಯಿತು ಎಂದು ಮನೆಯೊಡತಿಯನ್ನು ಕೇಳಿದಳು. ಸತ್ತಿತು. ಅದಕ್ಕಿಂತ ಮೊದಲಿನದು? ಅದೂ ಸತ್ತಿತು. ಅತ್ತೆ ಚಹಾ ಕೂಡ ಕುಡಿಯದೆ ಎದ್ದು ಬಂದಳು. ಆಮೇಲೆ ಬಾದಾಮಿ ಕಡೆ ಹೋದರು. ಚೊಳಚಗುಡ್ಡದಲ್ಲಿ ಖಾನಾವಳಿ ನಡೆಸುವ ಸಂಗಯ್ಯ ಎಂಬವನು ಮುದುಕನನ್ನು ಕೇಳಿದ್ದ. ಇವರಿಬ್ಬರೂ ಹಿತ್ತಲಲ್ಲಿ ಇಣುಕುತ್ತಿದ್ದಾಗ ಅವನು ಸವಟು ಹಿಡಿದುಕೊಂಡೇ ಹೊರಗೆ ಬಂದು, ಯಾರು ನೀವು, ಇಲ್ಲೇನು ಹುಡುಕುತ್ತೀರಿ ಎಂದು ಬೈದನಂತೆ. ಅಲ್ಲಿ ದನ ಕುಡಿಯುವ ಕಲ್ಲಿನ ದೋಣಿಯ ತುಂಬ ತಿಳಿನೀರು, ಒಂದು ಆಕಳು, ಎರಡು ಬೆಕ್ಕು, ಅವುಗಳ ಮುಂದೆ ಎಲೆಯ ಮೇಲಿನ ಅನ್ನ. "ಎದುರಿಗೇ ಬೈತಾನ, ಹಿಂದ ಅಡಗಿಸಿಟ್ಟದ್ದು ಏನೂ ಇಲ್ಲ, ಕೊಡು" ಎಂದು ಅತ್ತೆ ತೀರ್ಪು ಕೊಟ್ಟಳು. ಮುದುಕ ಹೋದ. ನನಗೆ ಅರ್ಧ ಭಾರ ಇಳಿಯಿತು.

ಹುನಗುಂದದವರು ಬಂದ ದಿನ ಲಾರಿಯನ್ನು ಪಕ್ಕದ ಮನೆಯ ದನದ ಕೊಟ್ಟಿಗೆಯಲ್ಲಿ ಕಟ್ಟಿಸಿದ್ದೆ. ಶರಬತ್ತು ಕೊಡುವ ಹೊತ್ತಿಗೆ ಸರಿಯಾಗಿ ಹಗ್ಗ ಕಡಿದುಕೊಂಡು, ಮೂರು ಕಾಲಲ್ಲಿ ಕುಣಿಯುತ್ತ ಪಡಸಾಲೆಗೇ ಬಂದು ನಿಂತಿತು. ನಾನು ತಾಟು ಕೆಳಗಿಟ್ಟು ಅದನ್ನು ಹಿಡಿಯಲು ಓಡಿದೆ. ಅಲ್ಲಾಸಾಬರು ಕೋಪ ಮಾಡಿಕೊಳ್ಳಲಿಲ್ಲ, ನಕ್ಕರು.

"ನಮ್ಮ ಕಾರ್ಖಾನಿಗೆ ಒಂದು ನಾಯಿ ಬೇಕಾಗಿತ್ರಿ. ಇದನ್ನ ಕೊಡ್ರಿ. ಮೂರ ಕಾಲಾದ್ರ ಏನಾತು, ಬೊಗಳೂದು ಬಾಯಿಲೆ."

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಹುಡುಗಿ ಒಪ್ಪಿಗೆಯಾದಳು, ನಾಯಿಯೂ ಒಪ್ಪಿಗೆಯಾಯಿತು, ಒಂದೇ ದಾರಿಯಲ್ಲಿ ಎರಡು ಕೆಲಸ. ಮುಬಶೀರಾ ನನ್ನನ್ನು ಒಳಗೆ ಕರೆದು, ಲಾರಿಯನ್ನು ಕೊಡುವ ಮೊದಲು ಅಲ್ಲಿಯೂ ಹೋಗಿ ನೋಡಬೇಕಲ್ಲವಾ ಅಂದಳು. ನೀನೇ ಜೀವನಪೂರ್ತಿ ಇರಲು ಹೋಗುವ ಮನೆ, ನಾಯಿಗೆ ಏನು ನೋಡುತ್ತಿ ಎಂದು ನಾನೇ ಬಾಯಿ ಮುಚ್ಚಿಸಿದೆ.

ಆ ಮನೆಗೆ ಹೋಗಿ ಬಂದಿದ್ದವರು ನಮ್ಮ ಮನೆಯವರು ಮತ್ತು ರಮಜಾನ ಇಬ್ಬರೇ. ಅತ್ತೆಗೆ ಮೊಣಕಾಲು ಹಿಡಿದಿತ್ತು. ಹೋಗಿ ಬಂದ ಇಬ್ಬರೂ ಅಲ್ಲಿಯ ಮುಖ ಕಾಣುವಂತೆ ಹೊಳೆಯುವ ನೆಲವನ್ನು ಹೊಗಳಿದರು, ಪಲಾವನ್ನು ಹೊಗಳಿದರು. ಹಿತ್ತಲು ನೋಡಿದಿರಾ ಎಂದು ಅತ್ತೆ ಕೇಳಿದ್ದಕ್ಕೆ ನಮ್ಮ ಮನೆಯವರಿಗೆ ಸಿಟ್ಟು ನೆತ್ತಿಗೇರಿತು. ಬೀಗರ ಹಿತ್ತಲಲ್ಲಿ ಇಣುಕಲು ತಾನೇನು ಕಳ್ಳನಾ ಅಂದರು.

ಚಂದ್ರ ಕಾಣುವ ಎರಡು ದಿನ ಮುಂಚೆ ಲಾರಿಯನ್ನು ಹುನಗುಂದದವರು ಟೆಂಪೋದಲ್ಲಿ ಒಯ್ದರು. ಹಿತ್ತಲನ್ನು ಫಿನಾಯಿಲ್ ಹಾಕಿ ತೊಳೆದೆ. ನಮ್ಮ ಮನೆಯವರು ಮಗಳ ಗಾದಿ ಶುರು ಮಾಡಿದರು. ಸಾವಿರ ಮಂದಿಗೆ ಮಾಡಿಕೊಟ್ಟವರು, ತಮ್ಮ ಮಗಳಿಗೆ ಅಂತ ಅರಳೆಯ ಬೀಜದ ಚೂರು ಕೂಡ ಉಳಿಯದಂತೆ ಎರಡೆರಡು ಸಲ ಹಿಂಜಿದರು. ಬೆತ್ತದಿಂದ ಬಡಿಯುವಾಗ ಹಾಡು ಬೇರೆ ಗುನುಗುತ್ತಿದ್ದರು. ಅಂಥದ್ದನ್ನು ನಾನು ಈ ಮನೆಯಲ್ಲಿ ಕೇಳಿದ್ದೇ ಇರಲಿಲ್ಲ.

ಹದಿನೈದು ದಿನಕ್ಕೆ ಮುಬಶೀರಾ ಮತ್ತೆ ಹಟ ಹಿಡಿದಳು. ಲಾರಿಯನ್ನು ನೋಡಿ ಬರಬೇಕು. ಮದುವೆಗೆ ಮುಂಚೆ ಹುಡುಗನ ಮನೆ ಬಾಗಿಲಿಗೆ ಹುಡುಗಿ ಹೋಗುತ್ತಾಳಾ? ನಾನು ಬೈದೆ, ರಮಜಾನ ಬೈದ, ಅವರಪ್ಪ ಬೆತ್ತವನ್ನು ನೆಲಕ್ಕೆ ಬಡಿದರು. ಅಕೀಲನಿಗೆ ಫೋನ್ ಮಾಡಿ ಫೋಟೋ ಕಳಿಸೆಂದು ಕೇಳಿದ್ದಳಂತೆ. ನಾಯಿ ವಿಷಯ ಅಪ್ಪನದು, ನನಗೆ ಗೊತ್ತಿಲ್ಲ, ನೀನೂ ಕೇಳಬೇಡ ಅಂದನಂತೆ. ಅವತ್ತು ಅವಳು ತಾಟು ಮುಟ್ಟಲಿಲ್ಲ. ಮಾರನೆಯ ದಿನವೂ ಮುಟ್ಟಲಿಲ್ಲ. ನಾಯಿಯ ಸಲುವಾಗಿ ಉಪವಾಸವೇ ಎಂದು ನಾನು ರೊಟ್ಟಿಯ ತಾಟನ್ನು ಅವಳ ಮುಂದೆ ಕುಕ್ಕಿದೆ. ಅವಳು ಅತ್ತಳು.

ಮೂರನೆಯ ದಿನ ಅತ್ತೆ ನನ್ನನ್ನು ಕರೆದಳು. "ತಸ್ಲೀಮಾ, ಸೀರಿ ಉಟ್ಕೋ. ಹುನಗುಂದಕ್ಕ ಹೋಗೂಣು."

"ಅತ್ತಿ, ನಿಮಗ ನಾಯಿ ಕಂಡ್ರ ಆಗೂದಿಲ್ಲ."

"ನಾಯಿ ನೋಡಾಕ ಯಾರು ಹೊಂಟಾರ? ನಾ ಮನಿ ನೋಡಿಲ್ಲ."

ಮೊಣಕಾಲಿಗೆ ದವಾಖಾನೆಗೆ ಹೋಗುತ್ತೇವೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಹನ್ನೊಂದರ ಬಸ್ಸು ಹತ್ತಿದೆವು. ಹೀಗೆ ಹೇಳದೆ ಹೋಗಿ ಬೀಗರು ಮುನಿದರೆ ಏನು ಗತಿ ಎಂದು ದಾರಿಯುದ್ದಕ್ಕೂ ನನಗೆ ಅದೇ ಚಿಂತೆ. ಅತ್ತೆ ಆರಾಮಾಗಿ ತೂಕಡಿಸುತ್ತಿದ್ದಳು.

ಅಲ್ಲಾಸಾಬರ ಮನೆಯ ಮುಂಭಾಗ ಕಾಗದದಲ್ಲಿ ಸುತ್ತಿಟ್ಟ ಮಿಠಾಯಿಯಂತೆ ಚೆಂದ ಇತ್ತು. ಅತ್ತೆ ಅತ್ತ ತಿರುಗಿಯೂ ನೋಡದೆ ಗೋಡೆ ಹಿಡಿದುಕೊಂಡು ಹಿಂದಕ್ಕೆ ನಡೆದಳು. ಹಿಂದೆ ಕಾರ್ಖಾನೆಯ ಬಯಲು. ಕಲ್ಲಿನ ಹಿಟ್ಟು ಬಿದ್ದು ನೆಲವೆಲ್ಲ ಬೆಳ್ಳಗೆ, ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಒಂದು ದೊಡ್ಡ ಕಲ್ಲಿನ ಹಲಗೆಗೆ ಕಬ್ಬಿಣದ ತಂತಿಯಿಂದ ಕಟ್ಟಿದ್ದ ನಾಯಿಯನ್ನು ನಾನು ಮೊದಲು ಗುರುತಿಸಲಿಲ್ಲ. ಕಂದು ಬಣ್ಣ ಹೋಗಿ ಬಿಳಿಯಾಗಿತ್ತು. ಕೂತುಕೊಳ್ಳುವಷ್ಟೂ ತಂತಿ ಉದ್ದವಿರಲಿಲ್ಲ. ಮೂರು ಕಾಲಲ್ಲಿ ನಿಂತೇ ಇತ್ತು. ತಂತಿ ಕೊರೆದು ಕುತ್ತಿಗೆ ಹುಣ್ಣಾಗಿ ನೊಣ ಮುತ್ತಿದ್ದವು. ಎದುರಿಗಿದ್ದ ಬೋಗುಣಿಯಲ್ಲಿ ಕಲ್ಲಿನ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ನಮ್ಮನ್ನು ಕಂಡು ಬೊಗಳಲಿಲ್ಲ, ಬಾಲ ಅಲ್ಲಾಡಿಸಿತು.

ಆದರೂ ನಿಜ ಹೇಳುತ್ತೇನೆ, ಆಗಲೂ ನನ್ನ ತಲೆಯಲ್ಲಿದ್ದದ್ದು ಮದುವೆಯೇ. ಹೊಲದ ನಾಯಿ, ಕಾರ್ಖಾನೆಯ ನಾಯಿ, ಎಲ್ಲ ಕಡೆ ಹೀಗೇ ಕಟ್ಟುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅತ್ತೆ ಹಿತ್ತಲ ಬಾಗಿಲಿಗೆ ಹೋಗಿ, ಪಾತ್ರೆ ತಿಕ್ಕುತ್ತಿದ್ದ ಹೆಣ್ಣುಮಗಳಿಗೆ ಕುಡಿಯಲು ನೀರು ಕೇಳಿದಳು. ಆಕೆ ಹಿರಿಯ ಸೊಸೆ ಸಾಯಿಮಾ, ಅಕೀಲನ ಅಣ್ಣನ ಹೆಂಡತಿ. ಕೈ ಒರೆಸಿಕೊಂಡು ಎದ್ದವಳು ಕೊಡದತ್ತ ಹೋಗುವ ಮುಂಚೆ ಹಿಂದೆ ತಿರುಗಿ ಒಳಮನೆಯ ಕಡೆ ನೋಡಿದಳು. ಆ ತಿರುಗಿ ನೋಡುವುದು ನನಗೆ ಗೊತ್ತು. ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅತ್ತೆ ನೀರಿನ ತಂಬಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು, "ಆ ನಾಯಿಗೆ ನೀರ ಯಾಕ ಇಟ್ಟಿಲ್ಲಬೇ?"

"ನಾ ಇಟ್ರ ಮಾವಾರು ಒದ್ದು ಚೆಲ್ತಾರ್ರಿ" ಅಂದಳು ಸಾಯಿಮಾ, ತುಟಿ ಅಲ್ಲಾಡದಂತೆ. "ಹಸದ ನಾಯಿ ಚಲೋ ಬೊಗಳತೈತಂತ. ಯಾರಿಗೂ ಹೇಳಬ್ಯಾಡ್ರಿ, ನನಗ ಬೈತಾರ."

ಅಷ್ಟರಲ್ಲಿ ಅಲ್ಲಾಸಾಬರು ಬಂದೇ ಬಿಟ್ಟರು. ಮೊದಲು ನಕ್ಕರು, ಮುಂದಿನಿಂದ ಬರಬಾರದೇ ಅಂದರು. ಅತ್ತೆ ನಗಲಿಲ್ಲ. ನಾಯಿಯನ್ನು ವಾಪಸ್ ಒಯ್ಯುತ್ತೇವೆ ಅಂದಳು. ಅವರ ಮುಖ ಕಪ್ಪಿಟ್ಟಿತು. ಸಾಯಿಮಾ ಒಳಗೆ ಓಡಿದಳು.

"ಹಿತ್ತಲಾಗ ಕಳ್ಳರ ಗತೆ ಬಂದು ನಾಯಿ ಕೇಳ್ತೀರಿ? ನಾಯಿ ಒಯ್ದ್ರ ಹುಡುಗಿನೂ ನಿಮ್ಮ ಮನಿಯಾಗ ಇಟ್ಕೋರಿ."

ನಾನು ಅತ್ತೆಯ ಸೆರಗು ಜಗ್ಗಿದೆ. ಕಾಲಿಗೆ ಬೀಳುವುದೊಂದು ಬಾಕಿ ಇತ್ತು. ಆಕೆ ನನ್ನ ಕೈ ಕೊಡವಿ, "ಇಟ್ಕೋತೇವಿ" ಎಂದು ಒಂದೇ ಮಾತು ಅಂದಳು. ಆಮೇಲೆ ಬಿಸಿಲಲ್ಲಿ ಕುಂಟುತ್ತ ಹೋಗಿ, ನಾಯಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ತಂತಿ ಬಿಚ್ಚಲು ಕೈ ಹಾಕಿದಳು. ಬೆರಳಿಗೆ ಬಲವಿರಲಿಲ್ಲ. ಬಿಚ್ಚಿದವಳು ನಾನು. ಲಾರಿ ಇಬ್ಬರ ಕೈಯನ್ನೂ ನೆಕ್ಕಿತು. ಅತ್ತೆ ಸೀರೆ ಎತ್ತಲಿಲ್ಲ. ಕೈಯಲ್ಲಿದ್ದ ತಂಬಿಗೆಯನ್ನೇ ಅದರ ಬಾಯಿಗೆ ಹಿಡಿದಳು.

ಬಸ್ಸಿನಲ್ಲಿ ಹತ್ತಿಸಿಕೊಳ್ಳಲಿಲ್ಲ. ಸಾಮಾನಿನ ಆಟೋದ ಹಿಂದೆ, ಸಿಮೆಂಟ್ ಚೀಲಗಳ ನಡುವೆ, ನಾವು ಮೂರು ಹೆಣ್ಣುಗಳು ಇಳಕಲ್ಲಿಗೆ ಬಂದೆವು. ದಾರಿಯಲ್ಲಿ ಅತ್ತೆಗೆ ಬಾಯಿಗೆ ಬಂದಂತೆ ಬೈದೆ. ನನ್ನ ಮಗಳ ಬಾಳು ಮುರಿಯಲು ನೀವು ಯಾರು ಅಂದೆ. ಆಕೆ ನಾಯಿಯ ಕುತ್ತಿಗೆಯ ನೊಣ ಹೊಡೆಯುತ್ತ ಕುಳಿತಿದ್ದಳು.

ನಾವು ಮುಟ್ಟುವ ಮೊದಲೇ ಫೋನು ಮುಟ್ಟಿತ್ತು. ಪಡಸಾಲೆಯಲ್ಲಿ ಮಗಳ ಗಾದಿ ಅರ್ಧ ಹೊಲಿಗೆಯಲ್ಲಿ ಬಿದ್ದಿತ್ತು, ನಮ್ಮ ಮನೆಯವರು ಅದರ ಮೇಲೆ ಬೆತ್ತ ಬಿಸಾಡಿದ್ದರು. ರಮಜಾನ ಬಾಗಿಲಲ್ಲೇ ಶುರು ಮಾಡಿದ. ಊರಲ್ಲಿ ಇನ್ನು ಮುಖ ಹೇಗೆ ತೋರಿಸುವುದು, ನಾಯಿಯ ಸಲುವಾಗಿ ಸಂಬಂಧ ಬಿಟ್ಟವರು ಎಂದು ಮಸೀದಿಯಲ್ಲಿ, ಪೇಟೆಯಲ್ಲಿ ಮಂದಿ ನಗುತ್ತಾರೆ ಅಂದ. ಮುಬಶೀರಾ ಓಡಿಬಂದು ಲಾರಿಯ ಕುತ್ತಿಗೆ ನೋಡಿದಳು. ಅಲ್ಲಿಂದಲೇ ತಲೆ ಎತ್ತಿ ನಮ್ಮಿಬ್ಬರ ಮೇಲೆ ಹರಿಹಾಯ್ದಳು.

"ನಾ ನೋಡಿ ಬರ್ತೇನಂದ್ರ ಬೈದ್ರಿ. ಈಗ ನೀವ ಹೋಗಿ ಮುರದು ಬಂದ್ರಿ. ನನ್ನ ಮದಿವಿ, ನನ್ನ ಒಂದ ಮಾತು ಕೇಳಿದ್ರೇನು?"

"ಈಗ ಕೇಳ್ತೇನಿ" ಅಂದಳು ಅತ್ತೆ. "ಹೋಗ್ತೀಯೇನು ಆ ಮನಿಗೆ?"

ಮುಬಶೀರಾ ಲಾರಿಯ ಕುತ್ತಿಗೆಯನ್ನು ಮತ್ತೊಮ್ಮೆ ನೋಡಿದಳು. ಅವಳ ಬೆರಳಿಗೆ ಕಲ್ಲಿನ ಹಿಟ್ಟು, ರಕ್ತ ಎರಡೂ ಅಂಟಿದ್ದವು. ಕೊನೆಗೆ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಅದನ್ನು ನೋಡಿ ನಮ್ಮ ಮನೆಯವರು ಅತ್ತೆಯ ಕಡೆ ತಿರುಗಿದರು. ತಾಯಿಯ ಮೇಲೆ ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ.

"ನಾಯಿಗೆ ನೀರ ಇಡಲಿಲ್ಲಂತ ಮನಿ ಕೆಟ್ಟದ್ದಾತೇನವ್ವಾ? ಅಷ್ಟ ನೋಡಿದ್ರ ಯಾರ ಮನಿಗೆ ಹೆಣ್ಣು ಕೊಡಾಕ ಆಗತೈತಿ?"

ಅತ್ತೆ ಗೋಡೆಗೆ ಒರಗಿ ಕುಳಿತಿದ್ದಳು. ಮಗನ ಕಡೆ ನೋಡಲಿಲ್ಲ, ಬೆರಳು ನನ್ನ ಕಡೆ ತೋರಿಸಿದಳು.

"ಇಕಿ ತವರಿನವ್ರು ಅವತ್ತ ನನ್ನ ಹಿತ್ತಲಾ ನೋಡಿದ್ರ, ಇಕಿನ್ನ ನಿನಗ ಕೊಡ್ತಿದ್ದಿಲ್ಲ."

ರಮಜಾನ ಹೊರಗೆ ಹೋದ. ನಮ್ಮ ಮನೆಯವರು ಬೆತ್ತ ಎತ್ತಿಕೊಂಡು ಸುಮ್ಮನೆ ಅದರ ತುದಿ ನೋಡುತ್ತ ನಿಂತರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮೂವತ್ತೆರಡು ವರ್ಷ ಗೊತ್ತಿದ್ದೂ ಬಾಯಿ ಬಿಡದವಳು, ಇವತ್ತು ಒಂದು ಮೂರು ಕಾಲಿನ ನಾಯಿಯನ್ನು ಮುಂದಿಟ್ಟುಕೊಂಡು ಹೇಳುತ್ತಾಳೆ. ನಾನು ಆಕೆಯನ್ನು ಕ್ಷಮಿಸಲಿಲ್ಲ. ಈಗಲೂ ಕ್ಷಮಿಸಿಲ್ಲ.

ಸ್ವಲ್ಪ ಹೊತ್ತಿಗೆ ಅತ್ತೆ ಒಣಗಿದ ದನಿಯಲ್ಲಿ ನೀರು ಕೇಳಿದಳು. ನಾನು ಹಿತ್ತಲಿಗೆ ಹೋಗಿ ಕೊಡದಿಂದ ನೀರು ತುಂಬಿಕೊಂಡೆ. ಮೊದಲು ಲಾರಿಯ ಬೋಗುಣಿಗೆ ಸುರುವಿದೆ, ಅದು ಕುಡಿದು ಮುಗಿಸುವವರೆಗೆ ಅಲ್ಲೇ ನಿಂತಿದ್ದೆ. ಆಮೇಲೆ ಇನ್ನೊಂದು ತಂಬಿಗೆ ತುಂಬಿ ಅತ್ತೆಗೆ ಒಯ್ದು ಕೊಟ್ಟೆ. ಆಕೆ ಎಲ್ಲವನ್ನೂ ಕುಳಿತಲ್ಲಿಂದಲೇ ಬಾಗಿಲ ಮೂಲಕ ನೋಡಿದ್ದಳು. ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಕುಡಿದಳು.